ಭಯೋತ್ಪಾದನೆಯ ಕೃತ್ಯಗಳೂ ವರ್ತಮಾನ ಪತ್ರಿಕೆಗಳೂ

1843ನೆಯ ಇಸವಿ ಜುಲೈ ತಿಂಗಳ 1ನೆಯ ತಾರೀಖಿನಲ್ಲಿ ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗ್ ಸಾಹೇಬರು ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ಮುದ್ರಿಸಿ ಹೊರಡಿಸಿದ 'ಮಂಗಳೂರ ಸಮಾಚಾರ'ವೇ ಕನ್ನಡದ ಪ್ರಥಮ ವರ್ತಮಾನ ಪತ್ರಿಕೆಯೆಂಬುದು ಮಿಶನ್ ಶಾಲೆಗಳಲ್ಲಿ ಓದಿದವರಿಗೆ ಹೊಸದಾಗಿ ಹೇಳಬೇಕಾದ ವಿಷಯವಲ್ಲ. ಅದು ಪಕ್ಷಕ್ಕೊಮ್ಮೆ ಹೊರಡುತ್ತಿತ್ತು. ಒಂದು ಸುದ್ದಿಯು ಸಂಪಾದಕನ ಕಿವಿಗೆ ಬಿದ್ದಂದಿನಿಂದ ಓದುವವರ ಕೈಸೇರುವ ವರೆಗೆ ಹಲವು ದಿನಗಳು ಕಳೆಯುತ್ತಿದ್ದುವು. ಆ ದಿನಗಳಲ್ಲಿ ಸುದ್ದಿಯ ನಿಜ ಸುಳ್ಳುಗಳನ್ನು ವಿಚಾರಿಸುವುದಕ್ಕೆ ಅವಕಾಶವಿತ್ತು. ಈಗಲಾದರೋ ಸಹಸ್ರಾರು ಮೈಲಿ ದೂರದಲ್ಲಿ ನಡೆಯುವ ಕೊಲೆಯು ನಡೆಯುತ್ತಿರುವಾಗಲೇ ನಮ್ಮ ಅಂಗೈಯಲ್ಲಿರುವ ಯಂತ್ರದಲ್ಲಿ ಕಾಣುತ್ತದೆ; ಕಂಡ ಕ್ಷಣವೇ ಒಂದು ಬೆರಳಿನಿಂದ ಅದನ್ನು ನೂರಾರು ಮಂದಿಗೆ ಕಳುಹಿಸಲಿಕ್ಕೂ ಆಗುತ್ತದೆ. ಮೊದಲು ಸಂಪಾದಕನೊಬ್ಬನ ಹೆಗಲ ಮೇಲಿದ್ದ ಹೊಣೆಯು ಹೀಗೆ ಮನೆಮನೆಯ ತಾಯಂದಿರ, ಅಕ್ಕತಂಗಿಯರ ಹೆಗಲಿಗೂ ಬಂದಿರುವುದರಿಂದ, ಭಯೋತ್ಪಾದನೆಯ ಕೃತ್ಯಗಳು ನಡೆದಾಗ ಪತ್ರಿಕೆಗಳೂ ಸಾಮಾಜಿಕ ಜಾಲತಾಣಗಳೂ ಹೇಗೆ ನಡೆದುಕೊಂಡುವು, ಅದರಿಂದ ಯಾರಿಗೆ ಏನಾಯಿತು ಎಂಬುದನ್ನು ಕೆಲವು ದೃಷ್ಟಾಂತಗಳಿಂದ ವಿಚಾರಿಸುವುದು ಯುಕ್ತವೆಂದು ತೋರುತ್ತದೆ.

ಭಯೋತ್ಪಾದಕನು ಸಾಮಾನ್ಯ ಕೊಲೆಗಾರನಂತೆ ತನ್ನ ಕೃತ್ಯವನ್ನು ಮುಚ್ಚಿಡುವುದಿಲ್ಲ. ಕಳ್ಳನಿಗೆ ಕತ್ತಲೆ ಬೇಕು. ಇವನಿಗೆ ಬೆಳಕು ಬೇಕು. ಹತ್ತು ಮಂದಿಯನ್ನು ಕೊಂದು ಹತ್ತು ಕೋಟಿ ಮಂದಿಯನ್ನು ಹೆದರಿಸುವುದೇ ಅವನ ಉದ್ದೇಶವಾದುದರಿಂದ, ಸತ್ತ ಹತ್ತು ಮಂದಿಯ ಸುದ್ದಿಯನ್ನು ಆ ಹತ್ತು ಕೋಟಿಗೆ ಮುಟ್ಟಿಸುವವರು ಇಲ್ಲದಿದ್ದರೆ ಅವನ ಕೆಲಸವು ಅರ್ಧಕ್ಕೇ ನಿಂತಂತಾಗುವುದು. 1972ನೆಯ ಇಸವಿ ಸೆಪ್ಟೆಂಬರಿನಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಒಲಿಂಪಿಕ್ ಕ್ರೀಡಾಗ್ರಾಮಕ್ಕೆ ನುಗ್ಗಿ ಇಸ್ರೇಲಿನ ಕ್ರೀಡಾಳುಗಳನ್ನು ಸೆರೆಹಿಡಿದವರು ಆ ಸ್ಥಳವನ್ನೇ ಆರಿಸಿಕೊಂಡುದಕ್ಕೆ ಲೋಕದ ನಾನಾ ದೇಶಗಳ ಟೆಲಿವಿಷನ್ನಿನವರು ತಮ್ಮ ಕ್ಯಾಮರಾಗಳೊಂದಿಗೆ ಅಲ್ಲಿ ಮೊದಲೇ ನೆರೆದಿದ್ದುದು ಸಣ್ಣ ಕಾರಣವಲ್ಲ. ಪೊಲೀಸರು ಮಾಳಿಗೆಯ ಮೇಲೆ ಹತ್ತುತ್ತಿದ್ದುದನ್ನು ಆ ಕ್ಯಾಮರಾಗಳು ತೋರಿಸಿದುವು. ಒಳಗಿದ್ದವರ ಕೋಣೆಯಲ್ಲಿಯೂ ಟೆಲಿವಿಷನ್ ಇತ್ತು. ಆ ಪ್ರಯತ್ನವನ್ನು ಬಿಡಬೇಕಾಯಿತು. ಕೊನೆಗೆ ಇಸ್ರೇಲಿನ 11 ಮಂದಿಯೂ ಜರ್ಮನಿಯ ಒಬ್ಬ ಪೊಲೀಸನೂ ಪ್ರಾಣ ಕಳೆದುಕೊಂಡರು.

ಈ ಪಾಠವನ್ನು ಲೋಕವು ಕಲಿಯಿತೇ ಎಂದರೆ, ಕಲಿಯಲಿಲ್ಲವೆಂದೇ ಹೇಳಬೇಕು. ಮೂವತ್ತಾರು ವರ್ಷಗಳ ಮೇಲೆ ಅದೇ ಪ್ರಮಾದವು ನಮ್ಮ ದೇಶದಲ್ಲಿಯೇ ಇನ್ನೂ ದೊಡ್ಡದಾಗಿ ನಡೆಯಿತು.

2008ನೆಯ ಇಸವಿ ನವೆಂಬರ್ 26ರ ರಾತ್ರಿ ಸಮುದ್ರಮಾರ್ಗದಿಂದ ಮುಂಬಯಿಗೆ ಬಂದಿಳಿದ ಹತ್ತು ಮಂದಿ ಶಸ್ತ್ರಧಾರಿಗಳು ಛತ್ರಪತಿ ಶಿವಾಜಿ ರೈಲು ನಿಲ್ದಾಣ, ಲಿಯೊಪೋಲ್ಡ್ ಕೆಫೆ, ಕಾಮಾ ಆಸ್ಪತ್ರೆ, ತಾಜ್ ಮಹಲ್ ಮತ್ತು ಒಬೆರಾಯ್ ಟ್ರೈಡೆಂಟ್ ಹೋಟೆಲುಗಳು, ನಾರಿಮನ್ ಹೌಸ್ ಎಂಬ ಯೆಹೂದ್ಯರ ವಸತಿಗೃಹ ಇವುಗಳಲ್ಲಿ 166 ಮಂದಿಯನ್ನು ಕೊಂದರು. 29ರ ಬೆಳಿಗ್ಗೆಯ ತನಕ ನಡೆದ ಆ ಹೋರಾಟದ ಪ್ರತಿಕ್ಷಣವನ್ನೂ ನಮ್ಮ ಟೆಲಿವಿಷನ್ ಚಾನೆಲುಗಳು ಬಿತ್ತರಿಸಿದುವು. ಕಮಾಂಡೊಗಳು ಹೆಲಿಕಾಪ್ಟರಿನಿಂದ ಹಗ್ಗ ಹಿಡಿದು ನಾರಿಮನ್ ಹೌಸಿನ ಮಾಳಿಗೆಯ ಮೇಲೆ ಇಳಿಯುತ್ತಿದ್ದುದನ್ನು ದೇಶವೆಲ್ಲಾ ಕುಳಿತು ನೋಡಿತು. ಪಾಕಿಸ್ತಾನದಲ್ಲಿ ಕುಳಿತು ಫೋನಿನ ಮೂಲಕ ಆ ಹತ್ತು ಮಂದಿಯನ್ನು ನಡೆಸುತ್ತಿದ್ದವರೂ ಅದನ್ನೇ ನೋಡುತ್ತಿದ್ದರು. ಹೊರಗೆ ಪೊಲೀಸರು ಎಲ್ಲಿ ನಿಂತಿದ್ದಾರೆ, ಒಳಗೆ ಜನರು ಎಲ್ಲಿ ಅವಿತುಕೊಂಡಿದ್ದಾರೆ, ಯಾವ ಕಡೆಯಿಂದ ಸೈನಿಕರು ಬರುತ್ತಿದ್ದಾರೆ ಎಂಬುದನ್ನು ಪರದೆಯ ಮೇಲೆ ಕಂಡು ತಮ್ಮವರಿಗೆ ತಿಳಿಸುತ್ತಿದ್ದರು. ಈ ಸಂಭಾಷಣೆಗಳನ್ನು ನಮ್ಮ ಅಧಿಕಾರಿಗಳು ಕದ್ದು ಕೇಳಿ ದಾಖಲೆ ಮಾಡಿಟ್ಟುದರಿಂದ ಇದು ಊಹೆಯ ಮಾತಲ್ಲ. ನ್ಯಾಯಾಲಯದ ಮುಂದೆ ಬಂದ ಸಾಕ್ಷ್ಯವೇ ಆಗಿದೆ.

2012ನೆಯ ಇಸವಿ ಆಗಸ್ಟ್ 29ರಂದು ಈ ಮೊಕದ್ದಮೆಯಲ್ಲಿ ಕೊನೆಯ ತೀರ್ಪನ್ನು ಕೊಟ್ಟ ಸುಪ್ರೀಂ ಕೋರ್ಟು ಅಪರಾಧಿಯ ವಿಷಯವನ್ನು ತೀರ್ಮಾನಿಸಿ ಸುಮ್ಮನಾಗಲಿಲ್ಲ. ಆ ಬಿತ್ತರಣೆಯಿಂದಲೇ ಇಂಥ ಸೈನಿಕನು ಸತ್ತನೆಂದು ತೋರಿಸಲಾಗದಿದ್ದರೂ, ರಕ್ಷಣಾಪಡೆಗಳ ಕೆಲಸವು ಅದರಿಂದ ಅತ್ಯಂತ ಕಷ್ಟವೂ ಅಪಾಯಕರವೂ ಆಯಿತೆಂಬುದರಲ್ಲಿ ಸಂಶಯವಿಲ್ಲವೆಂದೂ, ವಾಕ್‌ಸ್ವಾತಂತ್ರ್ಯದ ಹೆಸರಿನಿಂದ ಅದನ್ನು ಸಮರ್ಥಿಸಲಾಗದೆಂದೂ ನ್ಯಾಯಾಧೀಶರು ಅಭಿಪ್ರಾಯಪಟ್ಟರು. ತದನಂತರ 2015ರಲ್ಲಿ ಕೇಬಲ್ ಟೆಲಿವಿಷನ್ ನಿಯಮಗಳಿಗೆ ತಿದ್ದುಪಡಿಯಾಗಿ, ಭಯೋತ್ಪಾದಕರ ವಿರುದ್ಧದ ಕಾರ್ಯಾಚರಣೆಯನ್ನು ನಡೆಯುತ್ತಿರುವಾಗಲೇ ತೋರಿಸಕೂಡದು, ಸರಕಾರವು ನೇಮಿಸಿದ ಅಧಿಕಾರಿಯು ಆಗಾಗ್ಗೆ ತಿಳಿಸುವುದನ್ನು ಮಾತ್ರ ಕಾರ್ಯಾಚರಣೆ ಮುಗಿಯುವ ವರೆಗೆ ಹೇಳಬಹುದು ಎಂದು ವಿಧಿಸಲಾಯಿತು. ಪಹಲ್ಗಾಮದ ಕೊಲೆಗಳು ನಡೆದ ಮೇಲೆ, 2025ರ ಏಪ್ರಿಲ್ 26ರಂದು, ಸರಕಾರವು ಇದೇ ನಿಯಮವನ್ನು ಚಾನೆಲುಗಳಿಗೂ ಜಾಲತಾಣಗಳನ್ನು ಬಳಸುವವರಿಗೂ ಪುನಃ ಜ್ಞಾಪಿಸಬೇಕಾಯಿತು. ಜ್ಞಾಪಿಸಿದ ಎರಡು ವಾರಗಳೊಳಗೆ, ಮೇ ತಿಂಗಳಿನಲ್ಲಿ, ಕೆಲವು ಚಾನೆಲುಗಳು ಕರಾಚಿಯ ಬಂದರು ನಾಶವಾಯಿತೆಂದು ರಾತ್ರಿಯೆಲ್ಲಾ ಸಾರಿದುವು. ಅಂಥದೇನೂ ನಡೆದಿರಲಿಲ್ಲ. ನಿಯಮವು ಕ್ಯಾಮರಾವನ್ನು ತಡೆಯಬಲ್ಲದು. ನಾಲಿಗೆಯನ್ನು ತಡೆಯುವುದು ಅದಕ್ಕೆ ಅಷ್ಟು ಸುಲಭವಲ್ಲ.

ಮುಂಬಯಿಯಲ್ಲಿ ಕ್ಯಾಮರಾ ಪತ್ರಿಕೆಯವರ ಕೈಯಲ್ಲಿತ್ತು. ಅಲ್ಲಿಂದ ಹನ್ನೊಂದು ವರ್ಷಗಳೊಳಗೆ ಕ್ಯಾಮರಾ ಕೊಲೆಗಾರನ ಕೈಗೇ ಬಂತು. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದಲ್ಲಿ 2019ರ ಮಾರ್ಚ್ 15ರ ಶುಕ್ರವಾರ ಎರಡು ಮಸೀದಿಗಳಲ್ಲಿ ಪ್ರಾರ್ಥನೆಗೆ ನೆರೆದಿದ್ದವರ ಮೇಲೆ ಗುಂಡು ಹಾರಿಸಿ 51 ಮಂದಿಯನ್ನು ಕೊಂದವನು ತನ್ನ ಕೃತ್ಯವನ್ನು ತಾನೇ ಫೇಸ್‌ಬುಕ್ಕಿನಲ್ಲಿ ನೇರವಾಗಿ ಬಿತ್ತರಿಸಿದನು. ಇದನ್ನು ಕುರಿತು ಆ ಕಂಪೆನಿಯೇ ಹೊರಗೆಡಹಿದ ಲೆಕ್ಕಗಳು ವಿಚಾರಾರ್ಹವಾಗಿವೆ. ನೇರವಾಗಿ ನೋಡಿದವರು 200 ಮಂದಿಗಿಂತ ಕಡಮೆ. ತೆಗೆದುಹಾಕುವುದಕ್ಕೆ ಮುಂಚೆ ಒಟ್ಟಿನಲ್ಲಿ ಅದನ್ನು ನೋಡಿದ್ದು ಸುಮಾರು 4,000 ಸಲ. ಬಿತ್ತರಣೆ ಮುಗಿದು 12 ನಿಮಿಷಗಳಾಗುವ ವರೆಗೆ ನೋಡಿದವರಲ್ಲಿ ಒಬ್ಬರಾದರೂ ದೂರು ಕೊಡಲಿಲ್ಲ. ಆದರೆ ಮುಂದಿನ 24 ಗಂಟೆಗಳಲ್ಲಿ ಆ ಚಿತ್ರದ 15 ಲಕ್ಷ ಪ್ರತಿಗಳನ್ನು ಕಂಪೆನಿಯು ತೆಗೆಯಬೇಕಾಯಿತು. ಇವುಗಳಲ್ಲಿ 12 ಲಕ್ಷಕ್ಕೂ ಮೇಲ್ಪಟ್ಟವು ಏರಿಸುವಾಗಲೇ ತಡೆಯಲ್ಪಟ್ಟುವು. ಕೊಲೆಗಾರನು ಒಬ್ಬನು, ಅವನು ಏರಿಸಿದ ಪ್ರತಿ ಒಂದು. ಮಿಕ್ಕ ಲಕ್ಷಾಂತರ ಪ್ರತಿಗಳನ್ನು ಏರಿಸಲೆತ್ನಿಸಿದವರು ಇತರರು. ಕೆಲವರು ದ್ವೇಷದಿಂದ, ಕೆಲವರು ಕುತೂಹಲದಿಂದ, ಕೆಲವರು ಇದೆಂಥ ಘೋರವೆಂದು ಮರುಗುತ್ತಲೇ. ಮರುಕದಿಂದ ಕಳುಹಿಸಿದ ಪ್ರತಿಯೂ ದ್ವೇಷದಿಂದ ಕಳುಹಿಸಿದ ಪ್ರತಿಯೂ ನೋಡುವವನ ಕಣ್ಣಿಗೆ ಒಂದೇ ಆಗಿರುವುವಷ್ಟೆ. ಇಂಗ್ಲೆಂಡಿನ ಕೆಲವು ಪತ್ರಿಕೆಗಳು ಕೂಡ ಆ ಚಿತ್ರದ ತುಂಡುಗಳನ್ನು ತಮ್ಮ ಜಾಲಪುಟಗಳಲ್ಲಿ ಹಾಕಿ, ಜನರು ಖಂಡಿಸಿದ ಮೇಲೆ ತೆಗೆದುವು.

ನ್ಯೂಜಿಲೆಂಡಿನವರಾದರೋ ಬೇರೆ ದಾರಿಯನ್ನು ಹಿಡಿದರು. ಪ್ರಧಾನಮಂತ್ರಿಣಿ ಜೆಸಿಂಡಾ ಆರ್ಡರ್ನ್ ಅವರು ಮಾರ್ಚ್ 19ರಂದು ಪಾರ್ಲಿಮೆಂಟಿನಲ್ಲಿ ತಾವು ಆ ಕೊಲೆಗಾರನ ಹೆಸರನ್ನು ಎಂದಿಗೂ ಉಚ್ಚರಿಸುವುದಿಲ್ಲವೆಂದು ಹೇಳಿದರು. (ಈ ಲೇಖನದಲ್ಲಿ ಅಂಥವರಾರ ಹೆಸರೂ ಇಲ್ಲದಿರುವುದಕ್ಕೆ ಅದೇ ಕಾರಣ.) ಆ ಚಿತ್ರವನ್ನು ಇಟ್ಟುಕೊಳ್ಳುವುದೂ ಹಂಚುವುದೂ ಅಪರಾಧವೆಂದಾಯಿತು. ಅಲ್ಲಿನ ಐದು ಮುಖ್ಯ ಸುದ್ದಿಸಂಸ್ಥೆಗಳು ಒಂದರ ಮೇಲೊಂದು ಸ್ಪರ್ಧಿಸುವುದನ್ನು ಬಿಟ್ಟು, ವಿಚಾರಣೆಯ ಕಾಲದಲ್ಲಿ ಅವನ ಮತವನ್ನು ಸಾರುವ ಮಾತುಗಳಿಗಾಗಲಿ ಚಿಹ್ನೆಗಳಿಗಾಗಲಿ ಎಡೆಗೊಡುವುದಿಲ್ಲವೆಂದು 2019ರ ಮೇ ತಿಂಗಳಿನಲ್ಲಿ ಒಡಂಬಡಿಕೆ ಮಾಡಿಕೊಂಡುವು. ನ್ಯಾಯಾಲಯದ ಸುದ್ದಿಯನ್ನು ಅವು ನಿಲ್ಲಿಸಲಿಲ್ಲ. ಅದನ್ನು ಅವನ ಪ್ರಚಾರಕ್ಕೆ ವೇದಿಕೆಯಾಗಗೊಡಲಿಲ್ಲ. ಕೊಲೆಗಳಾದ ಮುಂದಿನ ಶುಕ್ರವಾರ ಕ್ರೈಸ್ಟ್‌ಚರ್ಚಿನ 'ದಿ ಪ್ರೆಸ್' ಎಂಬ ಪತ್ರಿಕೆಯ ಮೊದಲ ಪುಟದಲ್ಲಿ ಶಾಂತಿಯೆಂಬ ಅರ್ಥದ 'ಸಲಾಂ' ಎಂಬ ಪದವು ಅರಬ್ಬಿ ಲಿಪಿಯಲ್ಲಿ ಅಚ್ಚಾಯಿತು. ಮೇ 15ರಂದು ಪ್ಯಾರಿಸ್ ನಗರದಲ್ಲಿ ಹಲವು ಸರಕಾರಗಳೂ ದೊಡ್ಡ ಜಾಲಕಂಪೆನಿಗಳೂ ಸೇರಿ 'ಕ್ರೈಸ್ಟ್‌ಚರ್ಚ್ ಕಾಲ್' ಎಂಬ ಪ್ರತಿಜ್ಞೆಯನ್ನು ಮಾಡಿದುವು. ನಮ್ಮ ದೇಶವೂ ಅದರಲ್ಲಿ ಸೇರಿತು. ಇದರಿಂದ ಫಲವಾಯಿತೇ ಎಂದರೆ, ಸ್ವಲ್ಪ ಆಯಿತು. 2022ರ ಮೇ 14ರಂದು ಅಮೆರಿಕದ ಬಫಲೊ ನಗರದ ಅಂಗಡಿಯೊಂದರಲ್ಲಿ 10 ಮಂದಿಯನ್ನು ಕೊಂದವನು ಕ್ರೈಸ್ಟ್‌ಚರ್ಚಿನವನನ್ನೇ ಅನುಕರಿಸಿ ನೇರ ಬಿತ್ತರಣೆಗೆ ತೊಡಗಿದಾಗ, ಗುಂಡು ಹಾರತೊಡಗಿದ ಎರಡು ನಿಮಿಷಗಳೊಳಗೆ ಅದು ಕಡಿದುಹಾಕಲ್ಪಟ್ಟಿತು. ಆದರೂ ಅಷ್ಟರಲ್ಲಿ ಯಾರೋ ಪ್ರತಿ ಮಾಡಿಕೊಂಡು ಬೇರೆ ತಾಣಗಳಲ್ಲಿ ಹರಡಿದರು.

ಇನ್ನು ನಮ್ಮ ನೆರೆಯ ಸಿಂಹಳದ ವಿಷಯಕ್ಕೆ ಬರೋಣ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದಕ್ಕೆ ಕಾರಣವುಂಟು. ಕ್ರೈಸ್ಟ್‌ಚರ್ಚಿನಲ್ಲಿ ಸತ್ತವರು ಮುಸಲ್ಮಾನರು; ಅವರಿಗಾಗಿ ಮರುಗುತ್ತಾ ಸಂಯಮವನ್ನು ಹೊಗಳುವುದು ನಮಗೆ ಕಷ್ಟವಲ್ಲ. ಪೆಟ್ಟು ನಮ್ಮ ಸ್ವಂತ ಸಭೆಯ ಮೇಲೆ ಬಿದ್ದಾಗ ಸಂಯಮವು ಉಳಿಯುವುದೇ ಎಂಬುದೇ ನಿಜವಾದ ಪರೀಕ್ಷೆ.

2019ರ ಏಪ್ರಿಲ್ 21, ಈಸ್ಟರ್ ಭಾನುವಾರ. ಕೊಲಂಬೊ ನಗರದ ಕೊಚ್ಚಿಕಡೆಯ ಸಂತ ಅಂತೋನಿಯವರ ದೇವಾಲಯ, ನೆಗೊಂಬೊದ ಸಂತ ಸೆಬಾಸ್ಟಿಯನ್ನರ ದೇವಾಲಯ, ಮಟ್ಟಕ್ಕಳಪ್ಪಿನ ಸಿಯೋನ್ ಸಭೆ ಈ ಮೂರರಲ್ಲಿಯೂ ಕೊಲಂಬೊದ ಹೋಟೆಲುಗಳಲ್ಲಿಯೂ ಬಾಂಬುಗಳು ಸಿಡಿದುವು. ಸಿಯೋನ್ ಸಭೆಯಲ್ಲಿ ಸತ್ತವರಲ್ಲಿ ಅನೇಕರು ಭಾನುವಾರದ ಶಾಲೆಯನ್ನು ಮುಗಿಸಿ ಹೊರಗೆ ನಿಂತಿದ್ದ ಮಕ್ಕಳು. ಹೋಟೆಲುಗಳಲ್ಲಿ ಸತ್ತವರಲ್ಲಿ ಚುನಾವಣೆಯ ಕೆಲಸ ಮುಗಿಸಿ ವಿಶ್ರಾಂತಿಗೆಂದು ಹೋಗಿದ್ದ ಕರ್ನಾಟಕದವರೂ ಇದ್ದರು.

ಮೊದಲು ಸಂಖ್ಯೆಯ ವಿಷಯ. ಸತ್ತವರು 359 ಮಂದಿಯೆಂದು ಅಧಿಕಾರಿಗಳು ಹೇಳಿದರು. ಲೋಕದ ಪತ್ರಿಕೆಗಳೆಲ್ಲಾ ಅದನ್ನೇ ಅಚ್ಚುಮಾಡಿದುವು. ಏಪ್ರಿಲ್ 25ರಂದು ಅದೇ ಸರಕಾರವು ಲೆಕ್ಕವನ್ನು ತಿದ್ದಿ 253 ಎಂದಿತು. ಬಾಂಬಿನಿಂದ ಛಿದ್ರವಾದ ದೇಹಗಳನ್ನು ಎಣಿಸುವುದರಲ್ಲಿ ನೂರಕ್ಕೂ ಮೇಲ್ಪಟ್ಟು ವ್ಯತ್ಯಾಸವಾಗಿತ್ತು. ತರುವಾಯ ಆಸ್ಪತ್ರೆಗಳಲ್ಲಿ ಸತ್ತವರೂ ಸೇರಿ ಈ ಸಂಖ್ಯೆಯು ಸುಮಾರು 270ಕ್ಕೆ ಏರಿತು. ಇದರಲ್ಲಿ ಯಾರನ್ನೂ ದೂರುವಂತಿಲ್ಲ. ಮೊದಲ ದಿನದ ಅಂಕಿಯು ಯಾವಾಗಲೂ ಕಚ್ಚಾ ಅಂಕಿಯೆಂಬುದನ್ನು ಓದುವವರು ತಿಳಿದಿರತಕ್ಕದ್ದು.

ಎರಡನೆಯದು ದೂರತಕ್ಕ ವಿಷಯವೇ ಸರಿ. ಪೊಲೀಸರು ಹೊರಡಿಸಿದ ಶಂಕಿತರ ಚಿತ್ರಗಳಲ್ಲಿ ಅಮೆರಿಕದಲ್ಲಿ ಓದುತ್ತಿದ್ದ ಏನೂ ಅರಿಯದ ತರುಣಿಯೊಬ್ಬಳ ಚಿತ್ರವೂ ಸೇರಿಹೋಯಿತು. ಪೊಲೀಸರು ತಪ್ಪನ್ನು ಒಪ್ಪಿಕೊಂಡರು. ಆದರೆ ಅಷ್ಟರಲ್ಲಿ ಆ ಚಿತ್ರವು ಸಮುದ್ರಗಳನ್ನು ದಾಟಿತ್ತು. ಅವಳಿಗೆ ಕೊಲೆಬೆದರಿಕೆಗಳು ಬಂದಿದ್ದುವು. ಸುಳ್ಳು ಸಾಕ್ಷ್ಯವನ್ನು ನಿಷೇಧಿಸುವ ಆಜ್ಞೆಯನ್ನು ನಾವು ಬಾಲ್ಯದಲ್ಲಿಯೇ ಬಾಯಿಪಾಠ ಮಾಡಿದ್ದೇವೆ. ನ್ಯಾಯಸ್ಥಾನದಲ್ಲಿ ನಿಂತು ಹೇಳುವ ಮಾತಿಗೆ ಮಾತ್ರ ಅದು ಸಲ್ಲುತ್ತದೆಂದು ಎಣಿಸಿ, ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ 'ಇವಳೇ ಅವಳು' ಎಂದು ಚಿತ್ರವನ್ನು ದಾಟಿಸುವಾಗ ನೆನಪಿಗೆ ತಂದುಕೊಳ್ಳದಿರುವುದು ವಿಚಿತ್ರವಾಗಿದೆ.

ಮೂರನೆಯದಾಗಿ, ಸಿಂಹಳದ ಸರಕಾರವು ಅದೇ ದಿನ ಫೇಸ್‌ಬುಕ್, ವಾಟ್ಸ್‌ಆ್ಯಪ್ ಮುಂತಾದುವುಗಳನ್ನೆಲ್ಲಾ ಮುಚ್ಚಿಸಿತು. ತಿಂಗಳ ಕೊನೆಗೆ ತೆರೆಯಿತು. ಸುಳ್ಳುಸುದ್ದಿಯಿಂದ ಜನರು ಒಬ್ಬರ ಮೇಲೊಬ್ಬರು ಬೀಳದಿರಲೆಂಬುದು ಅದರ ಉದ್ದೇಶ. ಆದರೆ ಮಗನು ಬದುಕಿರುವನೇ ಎಂದು ದೂರದೇಶದಿಂದ ವಿಚಾರಿಸುತ್ತಿದ್ದ ತಾಯಿಗೂ ಅದೇ ದಾರಿಯು ಮುಚ್ಚಿಹೋಯಿತು. ಉಪಾಯ ಬಲ್ಲವರು ಅಡ್ಡದಾರಿಯಿಂದ ಜಾಲತಾಣಗಳನ್ನು ಬಳಸುತ್ತಲೇ ಇದ್ದರು. ಇಷ್ಟೆಲ್ಲಾ ಮಾಡಿಯೂ ಮೇ 12ರಂದು ಚಿಲಾವ್ ಎಂಬ ಊರಿನಲ್ಲಿ ಫೇಸ್‌ಬುಕ್ಕಿನ ಒಂದು ಮಾತಿನಿಂದ ಗಲಭೆ ಹುಟ್ಟಿ, ಸುತ್ತಲಿನ ಜಿಲ್ಲೆಗಳಲ್ಲಿ ಮುಸಲ್ಮಾನರ ಮನೆಗಳೂ ಅಂಗಡಿಗಳೂ ಮಸೀದಿಗಳೂ ದಾಳಿಗೀಡಾದುವು. ಜಾಲತಾಣಗಳನ್ನು ಪುನಃ ಮುಚ್ಚಿದರು. ಆ ದಿನಗಳಲ್ಲಿ ಕೊಲಂಬೊದ ಕಾರ್ಡಿನಲ್ ಮಾಲ್ಕಮ್ ರಂಜಿತ್ ಅವರು ಮುಸಲ್ಮಾನರಿಗೆ ಕೇಡುಮಾಡಬಾರದೆಂದು ತಮ್ಮ ಜನರನ್ನು ಬೇಡಿಕೊಂಡರು. ಏಪ್ರಿಲ್ 28ರ ಭಾನುವಾರ ದೇವಾಲಯಗಳು ತೆರೆಯದೆ ಇದ್ದಾಗ ಅವರು ತಮ್ಮ ನಿವಾಸದಲ್ಲಿ ಸಲ್ಲಿಸಿದ ಪೂಜೆಯನ್ನು ಜನರು ಟೆಲಿವಿಷನ್ನಿನಲ್ಲಿ ಕಂಡು ಭಾಗಿಗಳಾದರು. ದ್ವೇಷವನ್ನು ಹೊತ್ತುತರುವ ಯಂತ್ರವೇ ಆ ಬೆಳಿಗ್ಗೆ ಪ್ರಾರ್ಥನೆಯನ್ನೂ ಹೊತ್ತುತಂದಿತು.

ಮುಚ್ಚುವುದರಿಂದಲೇ ಎಲ್ಲವೂ ಸರಿಯಾಗುವುದಿಲ್ಲವೆಂಬುದಕ್ಕೆ ಇಂಗ್ಲೆಂಡಿನಿಂದ ನಗೆಬರಿಸುವ ಒಂದು ದೃಷ್ಟಾಂತವುಂಟು. ಐರ್ಲೆಂಡಿನ ಉಗ್ರಗಾಮಿಗಳಿಗೆ ಪ್ರಚಾರವೇ ಪ್ರಾಣವಾಯುವೆಂದು ಬಗೆದಿದ್ದ ಪ್ರಧಾನಮಂತ್ರಿಣಿ ಮಾರ್ಗರೆಟ್ ಥ್ಯಾಚರ್ ಅವರ ಸರಕಾರವು 1988ರ ಅಕ್ಟೋಬರಿನಲ್ಲಿ, ಆ ಪಕ್ಷದವರ ಧ್ವನಿಯನ್ನು ರೇಡಿಯೊ ಟೆಲಿವಿಷನ್ನುಗಳಲ್ಲಿ ಕೇಳಿಸಕೂಡದೆಂದು ಆಜ್ಞೆಮಾಡಿತು. ಧ್ವನಿಗೆ ಮಾತ್ರ ನಿಷೇಧವಾದುದರಿಂದ, ಗೆರಿ ಆಡಮ್ಸ್ ಮುಂತಾದವರ ಮುಖವನ್ನು ತೋರಿಸಿ, ಅವರ ಮಾತುಗಳನ್ನೇ ನಟರಿಂದ ಆಡಿಸಿ ಬಿತ್ತರಿಸತೊಡಗಿದರು. 1994ರಲ್ಲಿ ಈ ನಿಷೇಧವು ರದ್ದಾಯಿತು.

ಜಾಲತಾಣಗಳಿಂದ ಉಪಕಾರವಾದುದೂ ಇಲ್ಲದಿಲ್ಲ. 2015ರ ನವೆಂಬರ್ 13ರ ರಾತ್ರಿ ಪ್ಯಾರಿಸ್ಸಿನಲ್ಲಿ 130 ಮಂದಿ ಹತರಾದಾಗ, ಬೀದಿಯಲ್ಲಿ ಸಿಕ್ಕಿಬಿದ್ದವರಿಗೆ 'ನಮ್ಮ ಮನೆಯ ಬಾಗಿಲು ತೆರೆದಿದೆ' ಎಂದು ಅಪರಿಚಿತರು ಟ್ವಿಟರಿನಲ್ಲಿ ಕರೆಕೊಟ್ಟರು. ತಾನು ಕ್ಷೇಮವೆಂದು ಒಂದೇ ಸಲಕ್ಕೆ ಬಂಧುಗಳೆಲ್ಲರಿಗೆ ತಿಳಿಸುವ ಏರ್ಪಾಡನ್ನು ಫೇಸ್‌ಬುಕ್ಕು ತೆರೆಯಿತು. ಆದರೆ ಅದರ ಹಿಂದಿನ ದಿನವೇ ಬೇರೂತಿನಲ್ಲಿ 40ಕ್ಕೂ ಹೆಚ್ಚು ಮಂದಿ ಬಾಂಬಿನಿಂದ ಸತ್ತಾಗ ಆ ಏರ್ಪಾಡನ್ನು ತೆರೆದಿರಲಿಲ್ಲ. ಪತ್ರಿಕೆಗಳ ಮೊದಲ ಪುಟವೂ ಹಾಗೆಯೇ ಇತ್ತು. ಯಾರಿಗಾಗಿ ಎಷ್ಟು ಅಳಬೇಕೆಂಬುದನ್ನು ಸಂಪಾದಕರೂ ಕಂಪೆನಿಗಳೂ ನಮಗಾಗಿ ಅಳೆದಿಡುತ್ತಾರೆಂದು ಬೇರೂತಿನವರು ಆಕ್ಷೇಪಿಸಿದ್ದು ನ್ಯಾಯವೇ.

ನಮ್ಮ ಬೆಂಗಳೂರಿನಲ್ಲಿ ಬಾಂಬಿಲ್ಲದೆಯೇ ಭಯವು ಹುಟ್ಟಿದುದನ್ನು ಕಂಡವರು ಈ ಪುಟಗಳನ್ನು ಓದುವವರಲ್ಲಿ ಎಷ್ಟೋ ಮಂದಿ ಇರಬಹುದು. 2012ರ ಆಗಸ್ಟಿನಲ್ಲಿ, ಅಸ್ಸಾಮಿನ ಗಲಭೆಗಳಿಗೆ ಪ್ರತೀಕಾರವಾಗಿ ಇಲ್ಲಿರುವ ಈಶಾನ್ಯ ಪ್ರಾಂತ್ಯದವರನ್ನು ಕೊಲ್ಲುವರೆಂಬ ಎಸ್‌ಎಂಎಸ್ ಸಂದೇಶಗಳೂ, ಬೇರೆ ದೇಶಗಳ ಭೂಕಂಪ ಬಿರುಗಾಳಿಗಳಲ್ಲಿ ಸತ್ತವರ ಚಿತ್ರಗಳನ್ನೇ ಗಲಭೆಯವೆಂದು ನಂಬಿಸಿದ ಪುಟಗಳೂ ಹರಡಿದುವು. ಮೂರು ದಿನಗಳಲ್ಲಿ ಸಾವಿರಾರು ಮಂದಿ ಕೆಲಸವನ್ನೂ ಓದನ್ನೂ ಬಿಟ್ಟು ಗುವಾಹಟಿಯ ರೈಲುಗಳನ್ನು ಹತ್ತಿದರು. ರೈಲ್ವೆಯವರು ವಿಶೇಷ ಗಾಡಿಗಳನ್ನು ಬಿಡಬೇಕಾಯಿತು. ಒಬ್ಬರು ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳುಹಿಸಲಾಗದಂತೆ ಕೇಂದ್ರ ಸರಕಾರವು ಮಿತಿ ಹಾಕಿತು. ಆ ಸಂದೇಶಗಳನ್ನು ದಾಟಿಸಿದವರಲ್ಲಿ ಹೆಚ್ಚಿನವರು ದುಷ್ಟರಾಗಿರಲಾರರು. 'ಜಾಗ್ರತೆಯಾಗಿರು ಮಗೂ' ಎಂಬ ಪ್ರೀತಿಯಿಂದಲೇ ದಾಟಿಸಿರಬೇಕು. ಪ್ರೀತಿಯು ಕೂಡ ವಿಚಾರಿಸದೆ ಹೊರಟರೆ ಗಾಡಿಗಟ್ಟಲೆ ಜನರನ್ನು ಊರು ಬಿಡಿಸಬಲ್ಲದೆಂಬುದು ಆ ಮೂರು ದಿನಗಳಲ್ಲಿ ಕಾಣಬಂತು. ಸಂದೇಶವನ್ನು ಕಳುಹಿಸಿದವರು ಯಾರು, ಅವರು ಸ್ವತಃ ಕಂಡರೇ, ಪೊಲೀಸರಾಗಲಿ ಎರಡು ಪತ್ರಿಕೆಗಳಾಗಲಿ ಅದನ್ನೇ ಹೇಳುತ್ತವೆಯೇ, ಚಿತ್ರವು ಮೊದಲು ಎಲ್ಲಿ ಯಾವಾಗ ಪ್ರಕಟವಾಯಿತು ಎಂದು ಕೇಳುವುದಕ್ಕೆ ಹತ್ತು ನಿಮಿಷ ಸಾಕು. ಮೇಲಿನ ತರಗತಿಗಳ ಹುಡುಗಿಯರು ಚಿತ್ರದ ಮೂಲವನ್ನು ಹುಡುಕುವ ಕ್ರಮವನ್ನು ಚೆನ್ನಾಗಿ ಬಲ್ಲರು. ತಾಯಂದಿರು ಅವರಿಂದ ಕಲಿಯಬಹುದು.

ಪತ್ರಿಕೆಯು ಸಂಕಟದಲ್ಲಿ ಮಾಡಬಲ್ಲ ಒಳ್ಳೆಯ ಕೆಲಸವೊಂದನ್ನು ಹೇಳದೆ ಬಿಟ್ಟರೆ ಈ ವಿಚಾರಣೆಯು ಅಪೂರ್ಣವಾದೀತು. 2001ರ ಸೆಪ್ಟೆಂಬರ್ 11ರ ತರುವಾಯ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯವರು ಅಂದು ಸತ್ತವರನ್ನು ಕುರಿತು ಒಬ್ಬೊಬ್ಬರಿಗೆ ಸುಮಾರು 200 ಪದಗಳಂತೆ ದಿನದಿನವೂ ಬರೆಯತೊಡಗಿದರು. ದೊಡ್ಡ ಅಧಿಕಾರಿಗೂ ಪಾತ್ರೆ ತೊಳೆಯುವವನಿಗೂ ಸಮಾನವಾದ ಸ್ಥಳ. ಒಬ್ಬನಿಗೆ ಹೂಗಿಡಗಳ ಹುಚ್ಚು, ಒಬ್ಬಳಿಗೆ ನೃತ್ಯದ ಹುಚ್ಚು ಎಂಬಂಥ ಸಣ್ಣ ಸಂಗತಿಗಳನ್ನೇ ಬಂಧುಗಳಿಂದ ಕೇಳಿ ಬರೆದರು. ಹೀಗೆ ಎರಡು ಸಾವಿರಕ್ಕೂ ಹೆಚ್ಚು ಮಂದಿಯ ಚರಿತ್ರೆಗಳು ಪ್ರಕಟವಾದುವು.

ಪಹಲ್ಗಾಮದಲ್ಲಿ 2025ರ ಏಪ್ರಿಲ್ 22ರಂದು 26 ಮಂದಿ ಕೊಲ್ಲಲ್ಪಟ್ಟರು, ಅವರಲ್ಲಿಯೂ ಕರ್ನಾಟಕದವರಿದ್ದರು. ಅಲ್ಲಿ ಪತಿಯನ್ನು ಕಳೆದುಕೊಂಡ ಒಬ್ಬ ತರುಣಿಯ ಚಿತ್ರವನ್ನು ದೇಶವೆಲ್ಲಾ ಹಂಚಿಕೊಂಡಿತು. ಅವಳ ಅಪ್ಪಣೆಯನ್ನು ಯಾರೂ ಕೇಳಲಿಲ್ಲ. ಯಂತ್ರಬುದ್ಧಿಯಿಂದ ಅದನ್ನು ಬಣ್ಣದ ಬೊಂಬೆಯ ಚಿತ್ರವಾಗಿ ಮಾರ್ಪಡಿಸಿ ಹಂಚಿದವರೂ ಇದ್ದರು. ಕೆಲವು ದಿನಗಳ ಮೇಲೆ ಆ ತರುಣಿಯು, ತನಗೆ ನ್ಯಾಯವು ಬೇಕು, ಆದರೆ ಮುಸಲ್ಮಾನರ ಮೇಲಾಗಲಿ ಕಾಶ್ಮೀರದವರ ಮೇಲಾಗಲಿ ಯಾರೂ ದ್ವೇಷ ಸಾಧಿಸಬಾರದು ಎಂಬ ಅಭಿಪ್ರಾಯವನ್ನು ಹೇಳಿದಳು. ಅವಳಿಗಾಗಿ ಮರುಗಿದ ಜಾಲತಾಣಗಳಲ್ಲಿಯೇ ಅವಳ ಶೀಲವನ್ನು ಕುರಿತು ಬಾಯಿಂದ ಹೇಳಲಾಗದ ಮಾತುಗಳು ಬಂದುವು; ರಾಷ್ಟ್ರೀಯ ಮಹಿಳಾ ಆಯೋಗವು ಅದನ್ನು ಬಹಿರಂಗವಾಗಿ ಖಂಡಿಸಬೇಕಾಯಿತು. ಅವಳ ಚಿತ್ರವನ್ನು ಕಣ್ಣೀರಿನಿಂದ ದಾಟಿಸಿದವರಲ್ಲಿ ಅವಳ ಮಾತನ್ನು ದಾಟಿಸಿದವರು ಬಹಳ ಕೊಂಚ ಮಂದಿ.